ಪೆಡಲಿನ ಕೆಳಗೆ ವಿಭೂತಿ

ಜನವರಿ 18, 2025, ಶನಿವಾರ

ಇವತ್ತು ಭೂತಮ್ಮನ ಕೈ ಹೋಗಬೇಕಿತ್ತು. ಟವೆಲ್ ಮಾತ್ರ ಹೋಯಿತು.

ಸೊಸೈಟಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿಯನ್ನು ನನ್ನ ಹೆಂಡತಿ ಶಿವರುದ್ರಮ್ಮ ಅಡುಗೆಮನೆಯಲ್ಲಿ ಎತ್ತಿಟ್ಟಿದ್ದಳು. ಕೇಳಿದರೆ ನೂರು ಪ್ರಶ್ನೆ ಹಾಕುತ್ತಾಳೆಂದು ಕೇಳದೆ ತಂದುಕೊಂಡೆ. ಇನ್ನು ಮೇಲೆ ಯಾರು ಏನು ಮಾಡಿದರು, ಏನು ಅಂದರು ಎಂದು ಆಯಾ ದಿನವೇ ಬರೆದಿಡುತ್ತೇನೆ. ನಾಳೆ ಯಾರಾದರೂ ಮಾತು ತಿರುಗಿಸಿದರೆ ನನ್ನ ಹತ್ತಿರ ಆಧಾರ ಇರಬೇಕು.

ನಡೆದದ್ದು ಇಷ್ಟು. ಕೆರೆ ಕಡೆಯ ತೋಟದಲ್ಲಿ ಬಿದ್ದ ತೆಂಗಿನ ಗರಿಯನ್ನೆಲ್ಲ ರಾಶಿ ಹಾಕಿಸಿ, ಟ್ರ್ಯಾಕ್ಟರಿನ ಹಿಂದೆ ಗರಿ ಕೊಚ್ಚುವ ಯಂತ್ರ ಕಟ್ಟಿಕೊಂಡು ಹೋಗಿದ್ದೆವು. ನಾನು ಸೀಟಿನ ಮೇಲೆ. ಕೂಲಿಗೆ ಬರುವ ಭೂತಮ್ಮ ಹಿಂದೆ ನಿಂತು ಯಂತ್ರದ ಬಾಯಿಗೆ ಗರಿ ಕೊಡುವವಳು. ಹಸಿ ಮಟ್ಟೆ ಬಂದರೆ ಯಂತ್ರದ ಬಾಯಲ್ಲಿ ಕಚ್ಚಿಕೊಳ್ಳುತ್ತದೆ, ಒಳಗೆ ಕತ್ತಿಗಳ ಡ್ರಮ್ ತಿರುಗುತ್ತಲೇ ಇರುತ್ತದೆ. ಆಗ ನಾನು ಕ್ಲಚ್ ಪೂರ್ತಿ ತುಳಿದು, ಮನಸ್ಸಿನಲ್ಲೇ ಮೂರು ಸಲ ಓಂ ನಮಃ ಶಿವಾಯ ಎಂದುಕೊಳ್ಳುತ್ತೇನೆ. ಅಷ್ಟರಲ್ಲಿ ಒಳಗಿನ ಡ್ರಮ್ ನಿಂತಿರುತ್ತದೆ. ಆಮೇಲೆ ಗಟ್ಟಿಯಾಗಿ ಹ್ಞೂಂ ಅನ್ನುತ್ತೇನೆ. ಅವಳು ಕೈ ಹಾಕಿ ಸಿಕ್ಕಿಕೊಂಡದ್ದನ್ನು ಕೀಳುತ್ತಾಳೆ. ನಾನು ತಿರುಗಿ ನೋಡುವುದಿಲ್ಲ, ಅವಳೂ ತಲೆ ಎತ್ತಿ ನೋಡುವುದಿಲ್ಲ. ಯಂತ್ರ ತಂದಾಗಿನಿಂದ ನಮ್ಮ ಕೆಲಸ ನಡೆದಿರುವುದೇ ಹೀಗೆ. ಎಂಜಿನ್ ನಿಲ್ಲಿಸುವ ಮಾತೇ ಇಲ್ಲ. ಒಂದು ಸಲ ನಿಲ್ಲಿಸಿದರೆ ಆ ಬ್ಯಾಟರಿಯ ಯೋಗ್ಯತೆಗೆ ಮತ್ತೆ ಊರಿನವರೆಲ್ಲ ಬಂದು ತಳ್ಳಬೇಕು.

ಇವತ್ತು ತುಳಿದೆ, ಮೂರು ಸಲ ಅಂದುಕೊಂಡೆ, ಹ್ಞೂಂ ಅಂದೆ. ಅವಳು ಮೊಣಕೈವರೆಗೆ ಸುತ್ತಿಕೊಂಡಿದ್ದ ಟವೆಲ್ ಸರ್ರನೆ ಒಳಗೆ ಹೋಯಿತು. ಹೇಗೆ ಕೈ ಕಿತ್ತುಕೊಂಡಳೋ ಶಿವನೇ ಬಲ್ಲ. ಹಿಂದಕ್ಕೆ ಕೂತುಬಿಟ್ಟಳು. ಟವೆಲ್ ಆ ಕಡೆಯಿಂದ ಗರಿಯ ಪುಡಿಯ ಜೊತೆ ಚೂರಾಗಿ ಬಂತು.

"ನೀವು ಹ್ಞೂಂ ಅಂದ್ರಿ ಅಣ್ಣಯ್ಯ," ಅಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಟ್ರ್ಯಾಕ್ಟರಿನದು ಎರಡು ಹಂತದ ಕ್ಲಚ್ಚು. ಪೆಡಲ್ ಅರ್ಧ ತುಳಿದರೆ ಚಕ್ರಗಳು ಮಾತ್ರ ನಿಲ್ಲುತ್ತವೆ; ಯಂತ್ರವನ್ನು ತಿರುಗಿಸುವ ಹಿಂದಿನ ಶಾಫ್ಟ್ ಓಡುತ್ತಲೇ ಇರುತ್ತದೆ. ಅಲ್ಲಿಂದ ಮುಂದೆ ಪೆಡಲ್ ಬಿಗಿಯಾಗುತ್ತದೆ. ಆ ಬಿಗಿಯನ್ನೂ ದಾಟಿಸಿ ತಳಕ್ಕೆ ತುಳಿದರೆ ಶಾಫ್ಟೂ ನಿಲ್ಲುತ್ತದೆ. ಇವತ್ತೂ ನಾನು ತಳಕ್ಕೇ ತುಳಿದಿದ್ದೆ. ಅಂದ ಮೇಲೆ ತಪ್ಪು ಪೆಡಲಿನಿಂದ ಆಚೆಗಿದೆ. ಆಚೆಗೆ ಕೈ ಹಾಕಿದವನು ಒಬ್ಬನೇ, ತಿಪಟೂರಿನ ಮೆಕ್ಯಾನಿಕ್ ನಜೀರ್ ಅಹಮದ್. ದೀಪಾವಳಿ ಮುಗಿದ ಮೇಲೆ ಟ್ರ್ಯಾಕ್ಟರನ್ನು ನಡುವೆ ಎರಡು ಹೋಳು ಮಾಡಿ ಹೊಸ ಕ್ಲಚ್ ಪ್ಲೇಟ್ ಹಾಕಿದವನು ಅವನೇ.

ಹಾಳಾದ್ದು, ಮನೆಗೆ ಬಂದು ನೋಡಿದರೆ ಎಡಗಾಲಿನ ಚಪ್ಪಲಿಯೂ ಇಲ್ಲ. ಯೋಗೀಶನ ನಾಯಿ ಹೊತ್ತುಕೊಂಡು ಹೋಗಿರಬೇಕು. ಯೋಗೀಶ ನನ್ನ ತಮ್ಮನ ಮಗ, ಪಕ್ಕದ ಮನೆ. ಅವನಿಗೂ ಅವನ ನಾಯಿಗೂ ನನ್ನ ವಸ್ತುಗಳ ಮೇಲೆಯೇ ಕಣ್ಣು.

ಜನವರಿ 20, ಸೋಮವಾರ

ಟ್ರ್ಯಾಕ್ಟರನ್ನು ತಿಪಟೂರಿಗೆ ನಾನೇ ಓಡಿಸಿಕೊಂಡು ಹೋದೆ. ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ಗೇರಿಗೆ ಅರ್ಧ ಕ್ಲಚ್ಚು ಸಾಕಲ್ಲ.

ಭೂತಮ್ಮನ ವಿಷಯ ಹೇಳಿದಾಗ ನಜೀರನ ಮುಖ ಇಳಿಯಿತು. ತಕ್ಷಣ ಮಗ್ಗುಲಿನ ಕಿಟಕಿ ಬಿಚ್ಚಿದ. ಕ್ಲಚ್ಚಿನ ಮನೆಗೆ ಕೈ ತೂರುವಷ್ಟು ಒಂದು ಕಿಂಡಿ ಇರುತ್ತದೆ. ಒಳಗೆ ಸುತ್ತಲೂ ಮೂರು ಬೋಲ್ಟುಗಳು. ಮೂರರ ತಲೆಯ ಕೆಳಗೂ ಒಂದೇ ಸಮ ಸಂದು ಇರಬೇಕು. ಹಾಗಿದ್ದರೆ ಮಾತ್ರ ಎರಡನೇ ಹಂತ ಸರಿಯಾಗಿ ಬಿಡುತ್ತದೆ. ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಸಂದಿಗೆ ತೂರಿಸಿ, ಎಂಜಿನ್ನನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿ, ಇನ್ನೊಂದನ್ನು ನೋಡಿ, ಕೊನೆಗೆ ತಲೆ ಕೆರೆದುಕೊಂಡ.

"ಒಂದು ಬೋಲ್ಟು ಸಡಿಲ ಆಗ್ಬುಟ್ಟದೆ ಯಜಮಾನ್ರೇ. ಅದು ನನ್ ತಪ್ಪೇ. ಲಾಕ್ ನಟ್ಟು ಇನ್ನೊಸಿ ಬಿಗಿ ಮಾಡ್ಬೇಕಾಗಿತ್ತು."

ಸಿಕ್ಕಿಬಿದ್ದನಲ್ಲ! ಆದರೆ ಇಷ್ಟು ಬೇಗ ತಪ್ಪು ಒಪ್ಪಿಕೊಳ್ಳುವವನು ಇನ್ನೇನನ್ನೋ ಮುಚ್ಚಿಡುತ್ತಿರುತ್ತಾನೆ ಎಂದು ಆಗಲೇ ಅನ್ನಿಸಿತು.

ಮೂರೂ ಬೋಲ್ಟುಗಳನ್ನು ಸಮ ಮಾಡಿದ. ತಾನೇ ಹತ್ತಿ ಕೂತು ತುಳಿದ, ಶಾಫ್ಟ್ ನಿಂತಿತು. "ಇಳಿ, ನಾನು ತುಳೀತೀನಿ" ಅಂದೆ. ತುಳಿದೆ. ಶಾಫ್ಟ್ ತಿರುಗುತ್ತಲೇ ಇತ್ತು. "ನೋಡಯ್ಯಾ, ಇದೇನು?" ಅಂತ ಕೂಗಿದೆ. ಅವನು ಶಾಫ್ಟ್ ನೋಡಲಿಲ್ಲ. ತಲೆ ತಗ್ಗಿಸಿ ನನ್ನ ಕಾಲು ನೋಡುತ್ತಿದ್ದ. ಕಳ್ಳತನ ಗೊತ್ತಾದಾಗ ಮನುಷ್ಯ ಹಾಗೆಯೇ ನೆಲ ನೋಡುವುದು.

"ಇನ್ನೊಂದ್ಸಲ ತುಳೀರಿ ಯಜಮಾನ್ರೇ."

ತುಳಿದೆ. ಅದೇ ಕಥೆ.

"ಗಾಡಿ ಇಲ್ಲೇ ಬುಟ್ಟೋಗಿ," ಅಂದ. ದನಿ ತಗ್ಗಿಸಿ ಹೇಳಿದ. ನನಗೆ ಅದು ಹಿಡಿಸಲಿಲ್ಲ.

ಸಿಟ್ಟಿನಲ್ಲಿ ಇಳಿದು ಟೀ ಅಂಗಡಿಯವರೆಗೆ ನಡೆದುಬಿಟ್ಟಿದ್ದೆ, ಹಿಂದಿನಿಂದ ಓಡಿ ಬಂದ. ಕೈಯಲ್ಲಿ ನನ್ನ ಹೊಸ ಜೋಡಿಯ ಎಡಗಾಲಿನ ಚಪ್ಪಲಿ. ಪೆಡಲ್ ಹತ್ತಿರ ಬಿದ್ದಿತ್ತಂತೆ. ನಾನು ಇಳಿಯುವಾಗ ಚಪ್ಪಲಿ ಕಾಲಲ್ಲೇ ಇತ್ತು, ನನಗೆ ಚೆನ್ನಾಗಿ ಗೊತ್ತು. ಇದರಲ್ಲಿ ಏನು ಹೂಟ ಇದೆಯೋ ಇನ್ನೂ ತಿಳಿಯಲಿಲ್ಲ. ಬರೆದಿಟ್ಟಿರುತ್ತೇನೆ.

ಜನವರಿ 21, ಮಂಗಳವಾರ

ಶಿವರುದ್ರಮ್ಮ ಕೊಟ್ಟಿಗೆಯ ಹಿಂದೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಹುಲ್ಲು ತರಲು ಹೋದವನು ಹಾಗೇ ನಿಂತೆ.

"ಅವ್ರಿಗೆ ಗೊತ್ತಾದ್ರೆ ಸುಮ್ಕಿರಲ್ಲ ಕಣಪ್ಪ. ಟ್ರ್ಯಾಕ್ಟ್ರು ಕಿತ್ಕಳಕ್ಕೆ ನೋಡ್ತವ್ರೆ ಅಂತಾರೆ. ನೀನೂ ಏನೂ ಅನ್ಬೇಡ, ನಾನೇ ನಿಧಾನಕ್ಕೆ..."

ನನ್ನನ್ನು ನೋಡಿ ಫೋನ್ ಸೆರಗಿಗೆ ಸೇರಿಸಿಕೊಂಡಳು. ಯಾರು ಎಂದು ಕೇಳಿದೆ. ಮಾಯಸಂದ್ರದ ತಂಗಿ ಎಂದಳು. ತಂಗಿಯನ್ನು ಯಾರಾದರೂ ಕಣಪ್ಪ ಎನ್ನುತ್ತಾರೆಯೇ?

ಆಮೇಲೆ ಅವಳು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದೆ. ನಜೀರ್.

ಜನವರಿ 24, ಶುಕ್ರವಾರ

ಟ್ರ್ಯಾಕ್ಟರ್ ತಂದೆ. ನಜೀರ್ ಪೆಡಲಿನ ರಾಡನ್ನೂ ಹೊಂದಿಸಿದ್ದಾನಂತೆ. "ಎರಡ್ನೇ ಹಂತಾನ ಎಷ್ಟು ಮೇಲಕ್ಕೆ ತರಬೌದೋ ಅಷ್ಟು ತಂದಿವ್ನಿ. ಇನ್ನೂ ತಂದ್ರೆ ಬೇರಿಂಗ್ ಒತ್ಕಂಡೇ ಇರ್ತದೆ, ಪ್ಲೇಟು ಸುಟ್ಟೋಯ್ತದೆ," ಅಂದ. ನನಗೆ ಅದು ಬೆದರಿಕೆಯ ಹಾಗೆ ಕೇಳಿಸಿತು. ಪ್ಲೇಟ್ ಸುಟ್ಟರೆ ಅವನ ಹತ್ತಿರವೇ ಹೋಗಬೇಕಲ್ಲ.

ಹೊರಡುವಾಗ ಇನ್ನೂ ಎರಡು ಮಾತು ಆಡಿದ. ಒಂದು, "ಯಜಮಾನ್ರೇ, ಸಕ್ಕರೆ ಕಾಯ್ಲೆ ಮಾತ್ರೆ ತಪ್ಪದೆ ತಗತೀರಾ?" ಕ್ಲಚ್ಚಿನ ವಿಚಾರ ಕೇಳಿದರೆ ಮಾತ್ರೆಯ ವಿಚಾರ ಎತ್ತುವ ಮೆಕ್ಯಾನಿಕ್ಕನ್ನು ನಾನು ಇವತ್ತೇ ನೋಡಿದ್ದು. ನನಗೆ ಸಕ್ಕರೆ ಇರುವುದನ್ನು ಅವನಿಗೆ ಹೇಳಿದವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಎರಡನೆಯದು, "ಯಂತ್ರ ಕಟ್ದಾಗ ಮಾತ್ರ ಯಾರಾದ್ರೂ ಹುಡುಗ್ರು ಕೈಲಿ ಓಡ್ಸಿ."

ಈಗ ಎಲ್ಲ ಬಿಡಿಸಿದಂತಾಯಿತು. ಹುಡುಗ ಎಂದರೆ ಯೋಗೀಶ. ನಾನು ಸೀಟಿನಿಂದ ಇಳಿದರೆ ಅವನು ಹತ್ತುತ್ತಾನೆ. ಒಂದು ಸಲ ಹತ್ತಿದವನು ಇಳಿಯುತ್ತಾನೆಯೇ? ಶಿವರುದ್ರಮ್ಮನಿಗೆ ಅವನ ಮೇಲೆ ಮೊದಲಿನಿಂದಲೂ ಅಕ್ಕರೆ. ಮೂವರೂ ಒಂದಾಗಿದ್ದಾರೆ.

ಮನೆ ಮುಂದೆ ನಿಲ್ಲಿಸಿ ಪರೀಕ್ಷೆ ಮಾಡಿದೆ. ತಳಕ್ಕೆ ತುಳಿದೆ. ಶಾಫ್ಟ್ ನಿಲ್ಲಲಿಲ್ಲ. ಗೋಡೆಯಾಚೆಯಿಂದ ನೋಡುತ್ತಿದ್ದ ಯೋಗೀಶ ಒಂದೇ ನೆಗೆತಕ್ಕೆ ಬಂದ. "ಇಳೀರಿ ದೊಡ್ಡಪ್ಪ, ನಾನೊಂದ್ಸಲ ನೋಡ್ತೀನಿ." ಅವನು ತುಳಿದ. ಶಾಫ್ಟ್ ತಣ್ಣಗೆ ನಿಂತಿತು. ಮತ್ತೆ ನಾನು ತುಳಿದೆ. ನಿಲ್ಲಲಿಲ್ಲ. ಮತ್ತೆ ಅವನು. ನಿಂತಿತು.

ಅವನು ತುಳಿದರೆ ನಿಲ್ಲುವ ಹಾಗೆ, ನಾನು ತುಳಿದರೆ ನಿಲ್ಲದ ಹಾಗೆ ಕ್ಲಚ್ ಹೊಂದಿಸಲು ಬರುತ್ತದೆಯೇ? ಬರಲಾರದು ಎಂದು ಬುದ್ಧಿ ಹೇಳುತ್ತದೆ. ಆದರೆ ನಜೀರ್ ಸಾಮಾನ್ಯದವನಲ್ಲ. ಎಲ್ಲೋ ಒಂದು ಕಡೆ ಕೈಯಲ್ಲಿ ಏನನ್ನಾದರೂ ಅದುಮಿ ತುಳಿಯಬೇಕೇನೋ, ಆ ಗುಟ್ಟನ್ನು ಯೋಗೀಶನಿಗೆ ಹೇಳಿಕೊಟ್ಟಿರಬೇಕು. ಅವನ ಬಲಗೈ ಸ್ಟೀರಿಂಗ್ ಕೆಳಗೆ ಇತ್ತು, ನಾನು ನೋಡಿದೆ.

ಜನವರಿ 27, ಸೋಮವಾರ

ಶಿವರುದ್ರಮ್ಮ ಹಂಡೆಯ ಒಲೆಗೆ ಮೊದಲಿನ ಹಾಗೆ ಸೌದೆ ಹಾಕುತ್ತಿಲ್ಲ. ಬಚ್ಚಲಲ್ಲಿ ಬಕೆಟ್ಟಿಗೆ ಎಡಗಾಲು ಇಟ್ಟು ನೋಡಿದರೆ ತಣ್ಣಗಿತ್ತು. ಕೂಗಿ ಬೈದೆ. ಅವಳು ಬಂದು ಕೈ ಅದ್ದಿ, "ಅಯ್ಯೋ ಕಾಲು ತೆಗೀರಿ, ಕುದೀತಾ ಅದೆ!" ಎಂದು ಕಿರುಚಿಕೊಂಡಳು. ನಾಟಕ ಎಂದರೆ ಅವಳದೇ. ಸಂಜೆ ಪಾದದ ಮೇಲೆ ಬೊಬ್ಬೆ ಎದ್ದಿದೆ. ಯಾವುದೋ ಹುಳ ಮುಟ್ಟಿರಬೇಕು. ಅವಳು ಮುಲಾಮು ಹಚ್ಚುತ್ತಾ ಕೂತಳು, ಕಣ್ಣಲ್ಲಿ ನೀರು. ಹುಳ ಮುಟ್ಟಿದ್ದಕ್ಕೆ ಅಳುವುದೇಕೆ?

ಜನವರಿ 30, ಗುರುವಾರ

ಗರಿಯ ರಾಶಿ ಹಾಗೇ ಇದೆ. ಭೂತಮ್ಮ ಬೆಳಿಗ್ಗೆ ಬಂದಳು. ನಮ್ಮೂರಿನ ಬಾಲರಾಜು ತನ್ನ ತೋಟಕ್ಕೆ ಕರೆಯುತ್ತಿದ್ದಾನಂತೆ.

"ನಿಮ್ದು ಮುಗುಸ್ಬುಟ್ಟು ಹೋಗಾನ ಅಂತ ಬಂದೆ ಅಣ್ಣಯ್ಯ. ರಿಪೇರಿ ಆಯ್ತಲ್ಲ?"

"ಆಗಿದೆಯೋ ಇಲ್ವೋ ನನಗೇ ಗೊತ್ತಿಲ್ಲ."

"ನೀವು ಹ್ಞೂಂ ಅಂದ್ರೆ ನಾನು ಕೈ ಹಾಕ್ತೀನಿ. ಆವತ್ತೊಂದಿನ ಏನೋ ಆಗೋಯ್ತು, ಬುಡಿ."

ಅವಳ ಕೈ ನೋಡಿದೆ. ಟವೆಲ್ ಉಜ್ಜಿಕೊಂಡು ಹೋದ ಜಾಗ ಇನ್ನೂ ಕಪ್ಪಗಿದೆ. ಆ ಕೈಯಲ್ಲೇ ಅವಳು ಊರೊಳಗೆ ಮದುವೆ ಮನೆಗಳಿಗೆ ರೊಟ್ಟಿ ತಟ್ಟುತ್ತಾಳೆ. ಇನ್ನು ನಾಲ್ಕು ದಿನ ತಡಿ ಎಂದು ಕಳಿಸಿದೆ. ಅವಳ ಕೈ ಹೋದರೆ ನಜೀರನಿಗೇನು, ಯೋಗೀಶನಿಗೇನು? ಹ್ಞೂಂ ಅಂದವನು ನಾನಲ್ಲವೇ. ಈ ವಿಷಯ ಇತ್ಯರ್ಥ ಆಗುವವರೆಗೆ ಯಂತ್ರ ತಿರುಗಕೂಡದು.

ಹೊನ್ನವಳ್ಳಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಹತ್ತು ಜನರ ಮುಂದೆ ಹೇಳಿದೆ, ನಜೀರನ ಕೈಗೆ ಟ್ರ್ಯಾಕ್ಟರ್ ಕೊಡಬೇಡಿ, ಕೊಟ್ಟರೆ ಯಾರದಾದರೂ ಪ್ರಾಣ ಹೋದೀತು ಎಂದು. ಬಾಲರಾಜು ಹೌದೌದು ಎಂದು ತಲೆಯಾಡಿಸಿದ. ಆಮೇಲೆ ನಾನು ಏಳುವಾಗ ಯಾಕೆ ಕುಂಟುತ್ತಿದ್ದೀರಿ ಎಂದು ಕೇಳಿದ. ನಾನೆಲ್ಲಿ ಕುಂಟುತ್ತಿದ್ದೆ? ಅವನೂ ಅವರ ಕಡೆಯವನೇ ಇರಬೇಕು.

ಫೆಬ್ರವರಿ 2, ಭಾನುವಾರ

ನಿಧಾನಕ್ಕೆ ಬರೆಯಬೇಕು. ಒಂದೂ ಬಿಡಬಾರದು.

ನಜೀರನನ್ನು ಊರಿಗೇ ಕರೆಸಿ, ನಾಲ್ಕು ಜನರ ಎದುರಿಗೆ ಅವನ ಮೋಸ ಹಿಡಿಯಬೇಕೆಂದು ಯೋಚನೆ ಮಾಡಿದ್ದೆ. ಪೆಡಲ್ ತಳ ಮುಟ್ಟಿಯೂ ಶಾಫ್ಟ್ ತಿರುಗುತ್ತಿದೆ ಎನ್ನುವುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಬೇಕಿತ್ತು. ಬೆಳಿಗ್ಗೆ ಪೂಜೆ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗ ಹೊಳೆಯಿತು. ಪೆಡಲ್ ಪೂರ್ತಿ ಇಳಿದಾಗ ಹೋಗಿ ಕೂರುವ ಕಬ್ಬಿಣದ ಜಾಗಕ್ಕೆ ನೆನೆಸಿದ ವಿಭೂತಿ ಬಳಿದರೆ ಆಯಿತು. ಪೆಡಲ್ ತಳ ಮುಟ್ಟಿದರೆ ಅಚ್ಚು ಬೀಳುತ್ತದೆ. ಶಾಫ್ಟಿಗೂ ಒಂದು ಬಿಳಿ ಗೆರೆ ಎಳೆದರೆ ಅದು ತಿರುಗುತ್ತಿದೆಯೋ ನಿಂತಿದೆಯೋ ಎಂದು ಸೀಟಿನಿಂದಲೇ ಕಾಣುತ್ತದೆ. ನಾಳೆ ಸಾಕ್ಷಿಗಳನ್ನು ಕರೆಯುವ ಮೊದಲು ಇವತ್ತು ಒಬ್ಬನೇ ಮಾಡಿ ನೋಡೋಣ ಎಂದುಕೊಂಡೆ.

ಶಿವರುದ್ರಮ್ಮ ಹೊನ್ನವಳ್ಳಿಗೆ ಹೋಗಿದ್ದಳು. ಯೋಗೀಶ ಇರಲಿಲ್ಲ. ಯಂತ್ರ ಬಿಚ್ಚಿದೆ, ವಿಭೂತಿ ಬಳಿದೆ, ನಜೀರ್ ಬ್ಯಾಟರಿ ಚಾರ್ಜ್ ಮಾಡಿಕೊಟ್ಟಿದ್ದರಿಂದ ತಳ್ಳುವವರಿಲ್ಲದೆಯೇ ಎಂಜಿನ್ ಶುರು ಮಾಡಿ ಶಾಫ್ಟ್ ಓಡಿಸಿದೆ. ಹಿಂದೆ ತಿರುಗಿ ನೋಡುತ್ತಾ ತಳಕ್ಕೆ ತುಳಿದು ಹಿಡಿದೆ. ಮೂರು ಸಲ ಓಂ ನಮಃ ಶಿವಾಯ. ಬಿಳಿ ಗೆರೆ ತಿರುಗುತ್ತಲೇ ಇತ್ತು. ಸಿಕ್ಕಿಬಿದ್ದೆಯಲ್ಲೋ ನಜೀರ, ಎಂದು ಬಾಯಿಬಿಟ್ಟೇ ಅಂದೆ. ಎಷ್ಟು ಖುಷಿಯಾಗಿತ್ತೆಂದರೆ ಸೀಟಿನ ಮೇಲೆ ಕೂತೇ ನಕ್ಕುಬಿಟ್ಟೆ.

ಶಾಫ್ಟಿನ ಗೇರ್ ತಪ್ಪಿಸಿ ಇಳಿದು ಬಗ್ಗಿ ನೋಡಿದೆ. ವಿಭೂತಿ ಹಾಗೇ ಇತ್ತು. ನನ್ನ ಮೂರು ಬೆರಳಿನ ಗೆರೆ ಕೂಡ ಅಳಿಸಿರಲಿಲ್ಲ.

ಮೊದಲು ಅನ್ನಿಸಿದ್ದು, ನಜೀರ್ ಪೆಡಲನ್ನೇ ಬಗ್ಗಿಸಿದ್ದಾನೆ, ಅದು ತಳ ಮುಟ್ಟುವುದೇ ಇಲ್ಲ ಎಂದು. ನೆಲದ ಮೇಲೆ ನಿಂತುಕೊಂಡೇ ಬಲಗಾಲೆತ್ತಿ ಒತ್ತಿದೆ. ಅರ್ಧದಲ್ಲಿ ಬಿಗಿ ಬಂತು. ಇನ್ನೂ ಒತ್ತಿದೆ. ಬಿಗಿ ದಾಟಿ ಕೆಳಕ್ಕೆ ಹೋಯಿತು, ಟಕ್ ಎಂದು ತಳ ಸಿಕ್ಕಿತು. ವಿಭೂತಿಯಲ್ಲಿ ಅಚ್ಚು ಬಿತ್ತು.

ಮತ್ತೆ ಹತ್ತಿದೆ. ಈ ಸಲ ಹಿಂದೆ ನೋಡಲಿಲ್ಲ, ಕೆಳಗೆ ನೋಡಿದೆ. ಎಡಗಾಲಲ್ಲಿ ತುಳಿದೆ. ತಳ ಬಂತು ಎಂದು ಕಾಲು ಹೇಳಿತು. ಇನ್ನೂ ನಾಲ್ಕು ಬೆರಳು ಜಾಗ ಇದೆ ಎಂದು ಕಣ್ಣು ಹೇಳಿತು. ಒತ್ತಿದೆ. ತೊಡೆ ನಡುಗಿತು, ಪಾದ ಒಂದು ಕಡೆಗೆ ವಾಲಿತು. ನಾಲ್ಕು ಬೆರಳು ನಾಲ್ಕೇ ಆಗಿ ಉಳಿಯಿತು. ನಾನು ನೋಡುತ್ತಿರುವಂತೆಯೇ ಚಪ್ಪಲಿ ಜಾರಿ ಕೆಳಗೆ ಬಿತ್ತು. ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ನೋಡದೆ ಇದ್ದಿದ್ದರೆ ಇವತ್ತೂ ನಾಯಿಯನ್ನು ಬೈಯುತ್ತಿದ್ದೆ.

ನನಗೆ ಹೆದರಿಕೆಯಾಯಿತು. ಕಾಲಿಗಲ್ಲ. ಭೂತಮ್ಮ ಮೊನ್ನೆ ಕೆಲಸ ಶುರು ಮಾಡೋಣ ಎಂದಾಗ ನಾನು ಒಪ್ಪಿಬಿಟ್ಟಿದ್ದರೆ?

ಫೆಬ್ರವರಿ 3, ಸೋಮವಾರ

ಯಾರಿಗೂ ಹೇಳಿಲ್ಲ. ಬಲಗಾಲಲ್ಲಿ ತುಳಿದರೆ ಆಯಿತು. ಬ್ರೇಕಿನ ಕಾಲನ್ನು ಈಚೆಗೆ ತಂದು ತುಳಿಯುವುದು ಕಷ್ಟವೇನಲ್ಲ. ಯಾರಿಗೂ ಗೊತ್ತಾಗಬೇಕಾಗಿಲ್ಲ.

ಫೆಬ್ರವರಿ 4, ಮಂಗಳವಾರ

ಬೆಳಿಗ್ಗೆ ಟ್ರ್ಯಾಕ್ಟರಿನ ಹತ್ತಿರ ಹೋಗಿ ಬಲಗಾಲಲ್ಲಿ ಅಭ್ಯಾಸ ಮಾಡುತ್ತಿದ್ದೆ. ಭೂತಮ್ಮ ಬಂದು ನಿಂತಳು. ಹೊಸ ಟವೆಲ್ ತಂದಿದ್ದಳು, ಹಸಿರು ಗೀಟಿನದು. ಕೈಗೆ ಸುತ್ತಿಕೊಳ್ಳುತ್ತಾ, "ಇವತ್ತು ಶುರು ಮಾಡಾನ್ವ?" ಅಂದಳು.

ಮಾಡೋಣ ಎಂದು ಬಾಯಿಗೆ ಬಂದಿತ್ತು. ಬಲಗಾಲಲ್ಲಿ ಹತ್ತು ಸಲ ತುಳಿದಿದ್ದೆ, ಹತ್ತು ಸಲವೂ ಶಾಫ್ಟ್ ನಿಂತಿತ್ತು. ಆದರೆ ಕೆಲಸದ ರಭಸದಲ್ಲಿ ಹಳೆಯ ಅಭ್ಯಾಸಕ್ಕೆ ಎಡಗಾಲೇ ಮುಂದೆ ಹೋದರೆ? ಹೋದದ್ದು ನನಗೆ ತಿಳಿಯದೆ ಹೋದರೆ? ಚಪ್ಪಲಿ ಬಿದ್ದದ್ದು ತಿಳಿಯದವನು ನಾನು.

"ನನ್ನ ಹ್ಞೂಂ ನಂಬಬೇಡ ಕಣೇ," ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಎಲ್ಲ ಹೇಳಿದೆ. ಕಾಲು, ಪೆಡಲ್, ನಾಲ್ಕು ಬೆರಳು. ಹೇಳುವಾಗ ನನಗೆ ಅಳು ಬಂತು. ಅವಳು ಟವೆಲ್ ಬಿಚ್ಚಿ ನನಗೆ ಕೊಟ್ಟಳು, ಮುಖ ಒರೆಸಿಕೊಳ್ಳಲು. ಆಮೇಲೆ ಒಳಗೆ ಹೋಗಿ ಶಿವರುದ್ರಮ್ಮನನ್ನು ಕರೆದುಕೊಂಡು ಬಂದಳು.

ಶಿವರುದ್ರಮ್ಮನಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಆವತ್ತು ಗ್ಯಾರೇಜಿನಲ್ಲಿ ಎಡಗಾಲಿನ ಚಪ್ಪಲಿ ಬಿಟ್ಟು ನಾನು ಟೀ ಅಂಗಡಿಗೆ ಹೋದ ಸಂಜೆಯೇ ನಜೀರ್ ಫೋನ್ ಮಾಡಿ, "ಅಮ್ಮಾ, ಕ್ಲಚ್ ಸರಿಯಾಗೇ ಅದೆ, ಯಜಮಾನ್ರ ಕಾಲು ನೋಡ್ಸಿ," ಎಂದಿದ್ದನಂತೆ.

"ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ನಂಬ್ತಿದ್ರಾ?" ಅಂದಳು.

ಫೆಬ್ರವರಿ 6, ಗುರುವಾರ

ತಿಪಟೂರಿನ ಡಾಕ್ಟರು ಕಣ್ಣು ಮುಚ್ಚಿ ಎಂದರು. ಪಾದಕ್ಕೆ ಚುಚ್ಚುತ್ತೇನೆ, ಚುಚ್ಚಿದಾಗೆಲ್ಲ ಹೇಳಿ ಎಂದರು. ಬಲಗಾಲಿಗೆ ಚುಚ್ಚಿದಾಗ ಹೇಳಿದೆ. ಎಡಗಾಲಿಗೆ ಅವರು ಚುಚ್ಚಲೇ ಇಲ್ಲ. ಇದೇನು ಸುಮ್ಮನೆ ಹೊತ್ತು ಕಳೆಯುತ್ತಿದ್ದಾರೆ, ನಮ್ಮನ್ನು ಏನೆಂದುಕೊಂಡಿದ್ದಾರೆ ಎಂದು ಸಿಟ್ಟಿನಿಂದ ಒಂದು ಕಣ್ಣು ತೆರೆದೆ. ಚುಚ್ಚುತ್ತಿದ್ದರು. ಹೆಬ್ಬೆರಳಿನ ಕೆಳಗೆ, ಪಾದದ ನಡುವೆ, ಹಿಮ್ಮಡಿಯ ಹತ್ತಿರ. ಶಿವರುದ್ರಮ್ಮ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಸಕ್ಕರೆಯಿಂದ ನರ ಸತ್ತಿದೆಯಂತೆ, ಶಕ್ತಿಯೂ ಇಳಿದಿದೆಯಂತೆ. ಬೊಬ್ಬೆ ಎದ್ದಿರುವುದು ಹುಳದಿಂದಲ್ಲ ಎಂದರು. ಇನ್ನೂ ಹೋಗದಂತೆ ನೋಡಿಕೊಳ್ಳಬಹುದು, ಹೋದದ್ದು ಬರುವುದು ಕಷ್ಟ ಎಂದರು. ಟ್ರ್ಯಾಕ್ಟರ್ ಓಡಿಸಬಹುದೇ ಎಂದು ಶಿವರುದ್ರಮ್ಮ ಕೇಳಿದಳು. ನಾನು ಕೇಳಿರಲಿಲ್ಲ. ಬೇಡ ಎಂದರು.

ಬೇರೆ ಡಾಕ್ಟರಿಗೂ ಒಂದು ಸಲ ತೋರಿಸಬೇಕು ಎಂದುಕೊಂಡೆ. ಆಮೇಲೆ, ಆ ಸೂಜಿಯನ್ನು ನಾನೇ ಕಣ್ಣಾರೆ ನೋಡಿದೆನಲ್ಲ, ಇನ್ನು ಯಾರಿಗೆ ತೋರಿಸುವುದು ಎಂದುಕೊಂಡೆ.

ಫೆಬ್ರವರಿ 8, ಶನಿವಾರ

ನಜೀರನ ಗ್ಯಾರೇಜಿಗೆ ಹೋದೆ, ಬಸ್ಸಿನಲ್ಲಿ. ನಮ್ಮ ಅಟ್ಟದ ಕೊಬ್ಬರಿ ಒಂದು ಚೀಲ ತೆಗೆದುಕೊಂಡು ಹೋಗಿದ್ದೆ. ಯಾವುದೋ ಗಾಡಿಯ ಕೆಳಗೆ ಮಲಗಿದ್ದವನು ನನ್ನ ಚಪ್ಪಲಿ ನೋಡಿಯೇ ಗುರುತು ಹಿಡಿದ. ಈಗ ಎರಡಕ್ಕೂ ಜಾರದ ಹಾಗೆ ಹಿಮ್ಮಡಿಗೆ ಬೆಲ್ಟ್ ಹಾಕಿಸಿದ್ದೇನೆ.

ಈಚೆ ಬರಲಿಲ್ಲ. ಕೆಳಗಿನಿಂದಲೇ ಮಾತಾಡಿದ.

"ಹೊನ್ನವಳ್ಳಿ ಹೋಟ್ಲಲ್ಲಿ ಏನೇನೋ ಅಂದ್ರಂತೆ."

"ಅಂದೆ."

"ಮೂವತ್ತು ವರ್ಷದಿಂದ ಇದೇ ಕೆಲ್ಸ ಯಜಮಾನ್ರೇ. ಆ ಬೋಲ್ಟು ನನ್ ತಪ್ಪು ಅಂತ ನಿಮ್ ಮುಂದೇನೇ ಒಪ್ಕಂಡೆ. ಒಪ್ಕಂಡೋನ ಮೇಲೇ ಅನ್ಮಾನ ಪಟ್ರಲ್ಲ, ಅದು ಬೇಜಾರು."

"ನಾಳೆ ಅದೇ ಹೋಟ್ಲಲ್ಲಿ ಮತ್ತೆ ಹೇಳ್ತೀನಿ ಬುಡು. ಕ್ಲಚ್ಚು ಸರಿ ಇತ್ತು, ನನ್ನ ಕಾಲು ಸರಿ ಇರ್ಲಿಲ್ಲ ಅಂತ."

ಕೆಳಗೆ ಒಂದು ನಟ್ಟು ಬಿಗಿ ಮಾಡಿದ. ಆಮೇಲೆ, "ಹೊಸ ಬ್ಯಾಟ್ರಿ ಹಾಕ್ಸಿ. ಕೈ ಹಾಕೋವಾಗ ಎಂಜಿನ್ ಆಫ್ ಮಾಡ್ಸಿ. ಕ್ಲಚ್ ನಂಬ್ಕಂಡು ಯಾರೂ ಕೈ ಹಾಕ್ಬಾರ್ದು, ಅದು ನಾನು ಹೊಂದ್ಸಿದ್ ಕ್ಲಚ್ಚೇ ಆಗಿರ್ಲಿ," ಅಂದ. ಕೊಬ್ಬರಿ ಚೀಲ ಅಲ್ಲೇ ಇಟ್ಟು ಬಂದೆ. ಬೇಡ ಎನ್ನಲಿಲ್ಲ.

ನಾಳೆ ಹೇಳುತ್ತೇನೆ ಎಂದದ್ದನ್ನು ಇವತ್ತು ಸಂಜೆಯೇ ಹೋಟೆಲಿನಲ್ಲಿ ಹೇಳಿ ಮುಗಿಸಿದೆ. ಆವತ್ತು ಹೌದೌದು ಎಂದ ಬಾಲರಾಜುವಿನ ಮುಖ ನೋಡಬೇಕಿತ್ತು.

ಫೆಬ್ರವರಿ 17, ಸೋಮವಾರ

ಬರೆಯದೆ ಬಹಳ ದಿನ ಆಯಿತು. ಬರೆಯುವಂಥದ್ದು ಯಾರೂ ಏನೂ ಮಾಡಲಿಲ್ಲ.

ಇವತ್ತು ಕೆರೆ ಕಡೆ ತೋಟದ ಗರಿ ಕೊಚ್ಚಿದೆವು. ಯೋಗೀಶ ಸೀಟಿನ ಮೇಲೆ. ಕೀಲಿಕೈ ಕೊಡುವಾಗ, "ದೊಡ್ಡಪ್ಪ, ಸಂಜೆ ವಾಪಸ್ ತಂದು ಗೂಟಕ್ಕೇ ನೇತಾಕ್ತೀನಿ," ಎಂದು ತಾನಾಗಿಯೇ ಹೇಳಿದ. ನನ್ನ ಮನಸ್ಸಿನಲ್ಲಿದ್ದದ್ದು ಅವನಿಗೆ ಹೇಗೆ ತಿಳಿಯಿತೋ. ನಾನು ತೆಂಗಿನ ಪಾತಿಯ ಬದುವಿನ ಮೇಲೆ ಕೂತಿದ್ದೆ. ಆ ಸೀಟು ನನ್ನದು, ಆ ಸದ್ದು ನನ್ನದು. ಈಗ ಅಲ್ಲಿ ಬೇರೆಯವನ ಬೆನ್ನು. ಎದ್ದು ಮನೆಗೆ ಹೋಗಿಬಿಡೋಣ ಎಂದುಕೊಂಡೆ.

ಅಷ್ಟರಲ್ಲಿ ಯಂತ್ರ ಕಚ್ಚಿಕೊಂಡಿತು. ಯೋಗೀಶ ಕ್ಲಚ್ ತುಳಿದ, ಹೊಸ ಬ್ಯಾಟರಿ ಇದೆಯಲ್ಲ, ಎಂಜಿನ್ನನ್ನೂ ನಿಲ್ಲಿಸಿದ. ತೋಟವೆಲ್ಲ ನಿಶ್ಶಬ್ದ. "ಹ್ಞೂಂ ಭೂತಮ್ಮ," ಅಂದ.

ಭೂತಮ್ಮ ಕೈ ಹಾಕಲಿಲ್ಲ. ಹಸಿರು ಗೀಟಿನ ಟವೆಲ್ಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿ ನಿಂತಳು.

"ಏನೇ, ಅವನು ಹ್ಞೂಂ ಅಂದನಲ್ಲ," ಅಂದೆ.

"ನೀವು ಎದ್ದು ಬಂದು ನೋಡಿ ಹೇಳಿ ಅಣ್ಣಯ್ಯ."

"ನನ್ನ ಹ್ಞೂಂ ನಂಬಿ ತಾನೆ ನಿನ್ನ ಟವೆಲ್ ಹೋಗಿದ್ದು?"

"ಆವತ್ತು ನೀವು ನಿಮ್ ಕಾಲು ನಂಬುದ್ರಿ. ಈಗ ಅದ್ನೂ ನಂಬಲ್ವಲ್ಲ," ಅಂದಳು. "ಊರಲ್ಲಿ ಇನ್ಯಾರವ್ರೆ ನಿಮ್ಮಂಗೆ ಏನೂ ನಂಬದೋರು?"

ಯೋಗೀಶ ನಕ್ಕ. ನನಗೂ ನಗು ಬಂತು. ಎದ್ದು, ಎಡಗಾಲನ್ನು ಕಣ್ಣಲ್ಲಿ ನೋಡಿಕೊಂಡೇ ಒಂದೊಂದಾಗಿ ಊರುತ್ತಾ ಯಂತ್ರದ ಹತ್ತಿರ ಹೋದೆ. ಶಾಫ್ಟಿನ ಮೇಲೆ ಬೆಳಿಗ್ಗೆ ನಾನೇ ಎಳೆದಿದ್ದ ವಿಭೂತಿಯ ಗೆರೆ ಇತ್ತು. ಎಂಜಿನ್ ನಿಂತಿದ್ದರೂ ಡ್ರಮ್ಮಿನ ಭಾರಕ್ಕೆ ಅದು ಇನ್ನೂ ಸದ್ದಿಲ್ಲದೆ ಸುತ್ತುತ್ತಿತ್ತು. ಯೋಗೀಶನ ನಗು ನಿಂತಿತು. ಗೆರೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಒಂದು ಸಲ ಹಿಂದಕ್ಕೆ ಜಗ್ಗಿ ನಿಂತಿತು. ನಾನು ಒಂದು ಗರಿಯ ಕಡ್ಡಿಯಿಂದ ಅದನ್ನು ಮುಟ್ಟಿ ನೋಡಿದೆ. ಮತ್ತೊಂದು ಸಲ ಮುಟ್ಟಿ ನೋಡಿದೆ. ಯೋಗೀಶನ ಕೈಯಿಂದ ಕೀಲಿಕೈ ಕೇಳಿ ತೆಗೆದು ಜೇಬಿಗೆ ಹಾಕಿಕೊಂಡೆ.

ಆಮೇಲೆ ಹ್ಞೂಂ ಅಂದೆ. ಭೂತಮ್ಮ ಕೈ ಹಾಕಿದಳು.